ಹುಲ್ಲಿಗೆ ಕಡಿಮೆ, ಜಲ್ಲಿಗೆ ಜಾಸ್ತಿ

ಕೃತಕ ಹುಲ್ಲು ಕೊಳ್ಳಲು ಹೋದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಚದರಡಿಗೆ ಎಷ್ಟು?’ ಅಂಗಡಿಯವನಿಗೆ ಬೇಕಾಗಿರುವುದೂ ಅದೇ. ಮನೆಯಲ್ಲಿ ನಾಯಿ ಇದ್ದರೆ ಈ ಪ್ರಶ್ನೆಯಿಂದ ಲೆಕ್ಕ ಶುರುವಾಗುತ್ತದೆಯೇ ಹೊರತು ಮುಗಿಯುವುದಿಲ್ಲ. ದುಡ್ಡು ಉಳಿಯುವುದೂ ಹೋಗುವುದೂ ಹುಲ್ಲಿನ ಕೆಳಗೆ.

ಬೆಂಗಳೂರಿನ ನಮ್ಮ ಮನೆಯ ಹಿಂದೆ ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗವಿದೆ. ಎರಡು ನಾಯಿಗಳು: ಒಂದು ಲ್ಯಾಬ್ರಡಾರ್, ಇನ್ನೊಂದು ಬೀದಿಯಿಂದ ಬಂದು ನಮ್ಮವನೇ ಆಗಿಬಿಟ್ಟ ಕರಿಯ. ನಾಯಿಯ ಮೂತ್ರದಲ್ಲಿ ಸಾರಜನಕ ಹೆಚ್ಚು; ಅದು ಬಿದ್ದಲ್ಲೆಲ್ಲ ಹುಲ್ಲು ಸುಟ್ಟು ಹಳದಿಯಾಗುತ್ತಿತ್ತು. ಉಳಿದದ್ದನ್ನು ಕರಿಯ ಕೆರೆದು ಹಾಕುತ್ತಿದ್ದ. ವರ್ಷಕ್ಕೊಮ್ಮೆ ಹೊಸ ಹುಲ್ಲು ಹಾಸುವುದು ಮಾಮೂಲಾಗಿತ್ತು. 2024ರ ಮಾರ್ಚ್‌ನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಕೈತೋಟಕ್ಕೆ ಮತ್ತು ವಾಹನ ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದಾಗ ಬೇರೆ ದಾರಿ ಹುಡುಕಲೇಬೇಕಾಯಿತು.

ಎರಡು ಕೊಟೇಶನ್ ತರಿಸಿದೆ. ಮೊದಲನೆಯವರು ಚದರಡಿಗೆ 55 ರೂಪಾಯಿಯ ಹುಲ್ಲನ್ನು ನೇರವಾಗಿ ಮಣ್ಣಿನ ಮೇಲೆ ಹಾಸಿ ಕೊಡುತ್ತೇವೆ ಎಂದರು. ಎರಡನೆಯವರ ಹುಲ್ಲಿಗೆ 95 ರೂಪಾಯಿ, ಅಡಿಪಾಯಕ್ಕೆ ಚದರಡಿಗೆ ಇನ್ನೂ 70. ಇಷ್ಟು ವ್ಯತ್ಯಾಸ ಯಾಕೆ ಎಂದು ಕೇಳಿದ್ದಕ್ಕೆ ಅವರ ಮೇಸ್ತ್ರಿ ಹೇಳಿದ್ದು ಇಷ್ಟೇ: ‘ಸಾರ್, ಹುಲ್ಲು ಯಾವತ್ತು ಬೇಕಾದ್ರೂ ಬದಲಾಯಿಸ್ಬೋದು. ಕೆಳಗೆ ನೀರು ನಿಂತ್ರೆ ಮನೇಲಿ ಯಾರೂ ಕೂರಕ್ಕಾಗಲ್ಲ.’

ಮಾತು ನಿಜ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಅಮೋನಿಯಾ ಮಾಡುತ್ತದೆ. ಮೂಗಿಗೆ ಹೊಡೆಯುವ ವಾಸನೆ ಅದರದ್ದು. ಹುಲ್ಲಿನಡಿ ಬರೀ ಮಣ್ಣಿದ್ದರೆ ಮೂತ್ರ ಅಲ್ಲೇ ಇಂಗಿ ಕೂರುತ್ತದೆ, ಮೇಲೆ ಎಷ್ಟು ತೊಳೆದರೂ ಹೋಗುವುದಿಲ್ಲ. ನಮ್ಮಲ್ಲಿ ಐದು ಇಂಚು ಮಣ್ಣು ತೆಗೆದು, ದಪ್ಪ ಜಲ್ಲಿ ಸುರಿದು ಧಮ್ಮಸ್ಸು ಮಾಡಿ, ಮೇಲೆ ಬೇಬಿ ಜಲ್ಲಿ ಹರಡಿದರು. ಹತ್ತು ಅಡಿ ಅಗಲಕ್ಕೆ ಎರಡು ಇಂಚು ಇಳಿಜಾರು ಕೊಟ್ಟು ಮೋರಿಯ ಕಡೆ ತಿರುಗಿಸಿದರು. ಅಂಚಿಗೆ ಸಿಮೆಂಟಿನ ಕಟ್ಟೆ ಬಂತು, ಏಕೆಂದರೆ ನಾಯಿ ಕೆರೆಯಲು ಶುರುಮಾಡುವುದು ಅಂಚು ಮತ್ತು ಜೋಡಣೆ ಇರುವ ಕಡೆಯಿಂದಲೇ.

ಇನ್ನು ಅಳತೆ. ಈ ಹುಲ್ಲು ಸಾಮಾನ್ಯವಾಗಿ ಎರಡು ಮೀಟರ್, ಅಂದರೆ ಸುಮಾರು ಆರೂವರೆ ಅಡಿ ಅಗಲದ ಸುರುಳಿಯಲ್ಲಿ ಬರುತ್ತದೆ. ಉದ್ದಕ್ಕೆ ಹಾಸಿದರೆ ನಮಗೆ ಇಪ್ಪತ್ತು ಅಡಿಯ ಎರಡು ಪಟ್ಟಿ ಬೇಕು. ಜಾಗ 200 ಚದರಡಿ, ಬಿಲ್ಲು 262 ಚದರಡಿಗೆ, ಕತ್ತರಿಸಿದ್ದು ಕಸಕ್ಕೆ. ಅಡ್ಡಲಾಗಿ ಹಾಸಿದರೆ ಹತ್ತು ಅಡಿಯ ಮೂರು ಪಟ್ಟಿ ಸಾಕು, 197 ಚದರಡಿ. ಕೊನೆಯಲ್ಲಿ ಉಳಿಯುವ ನಾಲ್ಕು ಇಂಚಿಗೆ ಕಲ್ಲು ಜೋಡಿಸಿದೆವು. ಜೋಡಣೆಯ ಉದ್ದ ಎರಡರಲ್ಲೂ ಇಪ್ಪತ್ತೇ ಅಡಿ. ಪಟ್ಟಿಯ ದಿಕ್ಕು ಬದಲಾಯಿಸಿದ್ದಕ್ಕೇ ಆರು ಸಾವಿರ ಉಳಿಯಿತು.

ಆಯ್ಕೆಯಲ್ಲೂ ಅಂಗಡಿಯವರ ಮಾತಿಗೆ ಮರುಳಾಗಬೇಕಿಲ್ಲ. 50 ಮಿಲಿಮೀಟರ್ ಎತ್ತರದ ಹುಲ್ಲು ಕಣ್ಣಿಗೆ ಚೆಂದ, ಆದರೆ ಮಲ ಮತ್ತು ಕೂದಲು ಅದರೊಳಗೆ ಸಿಕ್ಕಿಕೊಳ್ಳುತ್ತವೆ. ನಾಯಿ ಇರುವಲ್ಲಿ 25ರಿಂದ 35 ಸಾಕು, ಬೆಲೆಯೂ ಇಳಿಯುತ್ತದೆ. ಮಾದರಿ ತುಂಡನ್ನು ನಲ್ಲಿಯ ಕೆಳಗೆ ಹಿಡಿದು ನೀರು ತೂತುಗಳಿಂದ ಸಲೀಸಾಗಿ ಇಳಿಯುತ್ತದೆಯೇ ನೋಡಿ. ಮೇಲೆ ಉದುರಿಸಲು ರಬ್ಬರ್ ಪುಡಿ ಬೇಡ, ಅದು ಕಾಯುತ್ತದೆ. ಸಾದಾ ಸಿಲಿಕಾ ಮರಳು ವಾಸನೆ ಹಿಡಿಯುವುದಿಲ್ಲ. ಜಿಯೋಲೈಟ್ ಎಂಬ ಖನಿಜದ ಹರಳು ಹಿಡಿಯುತ್ತದೆ. ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಬಹುದು.

ಈಗ ಜಮಾ ಖರ್ಚು. ಹುಲ್ಲಿಗೆ 18,715, ಅಡಿಪಾಯಕ್ಕೆ 14,000, ಅಂಟು, ಅಂಚುಕಟ್ಟೆ, ಜಿಯೋಲೈಟ್ ಸೇರಿ 6,000. ಒಟ್ಟು ಸುಮಾರು 38,700. ಮಾರುವವರು ಹತ್ತು ವರ್ಷ ಬಾಳುತ್ತದೆ ಎನ್ನುತ್ತಾರೆ. ನಾಯಿಯ ಉಗುರನ್ನು ಲೆಕ್ಕಕ್ಕೆ ಹಿಡಿದು ನಾನು ಆರೇ ವರ್ಷ ಬರೆದುಕೊಂಡಿದ್ದೇನೆ. ವರ್ಷಕ್ಕೆ 6,450. ಕಿಣ್ವ ಬೆರೆತ ಶುಚಿದ್ರವಕ್ಕೆ ತಿಂಗಳಿಗೆ 300ರಂತೆ 3,600. ದಿನಾ ಎರಡು ಬಕೆಟ್, ನಲವತ್ತು ಲೀಟರ್ ನೀರು. ಆರು ಸಾವಿರ ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಎಂದರೂ ವರ್ಷಕ್ಕೆ 1,460. ಎಲ್ಲ ಸೇರಿ 11,510.

ನಿಜವಾದ ಹುಲ್ಲಿದ್ದಾಗ ಮರುಹಾಸಿಗೆ 6,000, ತೋಟದವನಿಗೆ ತಿಂಗಳಿಗೆ 800ರಂತೆ 9,600, ಮಳೆಯಿಲ್ಲದ ಎಂಟು ತಿಂಗಳು ದಿನಕ್ಕೆ ತೊಂಬತ್ತು ಲೀಟರ್ ನೀರಿಗೆ 2,160. ಒಟ್ಟು 17,760. ಉಳಿತಾಯ ವರ್ಷಕ್ಕೆ ಆರು ಸಾವಿರ ಚಿಲ್ಲರೆ. ಗಮನಿಸಿ, ಜಾಹೀರಾತು ಹೇಳುವಂತೆ ಉಳಿತಾಯ ನೀರಿನಿಂದ ಬರುತ್ತಿಲ್ಲ. ನೀರಿನಲ್ಲಿ ಉಳಿದದ್ದು ಏಳುನೂರು ರೂಪಾಯಿ ಮಾತ್ರ. ಈಗ ತೊಳೆಯಲು ಆರ್‌ಒ ಯಂತ್ರದ ಬಿಡುನೀರನ್ನೇ ಹಿಡಿದಿಡುತ್ತೇವೆ.

ಅಗ್ಗದ ಕೊಟೇಶನ್ನನ್ನೂ ಇದೇ ತಕ್ಕಡಿಗೆ ಹಾಕಿ. 262 ಚದರಡಿಗೆ 55ರಂತೆ 14,410. ಮಣ್ಣಿನ ಮೇಲೆ ಹಾಸಿದ್ದು ಎರಡು ವರ್ಷಕ್ಕೆ ನಾತ ಹೊಡೆದು ಕಿತ್ತು ಹಾಕಬೇಕಾದರೆ ವರ್ಷಕ್ಕೆ 7,205. ಅಗ್ಗದ್ದೇ ದುಬಾರಿ. ಜಲ್ಲಿಗೆ ಕೊಟ್ಟ 14,000 ಹಾಗಲ್ಲ. ಆರು ವರ್ಷದ ನಂತರ ಹುಲ್ಲು ಬದಲಾಯಿಸುವಾಗ ಅದು ಅಲ್ಲೇ ಇರುತ್ತದೆ. ಹುಲ್ಲು ಖರ್ಚಿನ ಬಾಬತ್ತು, ಅಡಿಪಾಯ ಬಂಡವಾಳ.

ಎಲ್ಲರಿಗೂ ಇದು ಹೊಂದುವುದಿಲ್ಲ. ಏಪ್ರಿಲ್ ಮಧ್ಯಾಹ್ನದ ನೇರ ಬಿಸಿಲಿಗೆ ಪ್ಲಾಸ್ಟಿಕ್ ಹುಲ್ಲಿನ ಮೈ 60 ಡಿಗ್ರಿ ದಾಟಬಲ್ಲದು, ನಾಯಿಯ ಪಾದ ಸುಡುತ್ತದೆ. ನಮಗೆ ಪಕ್ಕದ ಹೊಂಗೆ ಮರದ ನೆರಳಿದೆ. ಇಲ್ಲದವರು ನೆರಳುಬಲೆಯ ಖರ್ಚನ್ನೂ ಸೇರಿಸಿಕೊಳ್ಳಿ. ಸಿಕ್ಕಿದ್ದನ್ನೆಲ್ಲ ಅಗಿಯುವ ಮರಿ ಇದ್ದರೆ ಅದು ಬೆಳೆಯುವವರೆಗೆ ಕಾಯಿರಿ. ಪ್ಲಾಸ್ಟಿಕ್ ಎಳೆ ಕರುಳಿಗೆ ಸಿಕ್ಕಿಕೊಂಡರೆ ಪಶುವೈದ್ಯರ ಬಿಲ್ಲು ಹುಲ್ಲಿನ ಬಿಲ್ಲನ್ನು ಮೀರಬಹುದು. ದಿನಾ ತೊಳೆಯುವವರು ಯಾರೂ ಇಲ್ಲದ ಮನೆಗೂ, ಬಾಡಿಗೆ ಮನೆಗೂ ಇದು ಬೇಡ. ಅಲ್ಲಿ ಕಲ್ಲುಹಾಸು ಮತ್ತು ಒಂದು ಮೂಲೆಯಲ್ಲಿ ಮಣ್ಣು ಸಾಕು.

ಮಾಡಿಸುವುದೇ ಆದರೆ ಹುಲ್ಲು, ಅಡಿಪಾಯ, ಅಂಚು ಮೂರಕ್ಕೂ ಬೇರೆ ಬೇರೆ ದರ ಬರೆಸಿಕೊಳ್ಳಿ. ಹಣವನ್ನೂ ಮೂರು ಕಂತು ಮಾಡಿ. ಎರಡನೆಯ ಕಂತು ಕೊಡುವ ಮೊದಲು ಜಲ್ಲಿಯ ಮೇಲೆ ಎರಡು ಬಕೆಟ್ ನೀರು ಸುರಿಯಿರಿ. ನೀರು ನಿಂತರೆ ಕಂತೂ ನಿಲ್ಲಲಿ.