ನಂಬಿಕೆ ಬಿಟ್ಟು ಹೊರಟ ಮಕ್ಕಳಿಗೆ

ಕುಟುಂಬ ಪ್ರಾರ್ಥನೆಗೆ ಕೂತಾಗ ಎಲ್ಲರಂತೆ ಕಣ್ಣು ಮುಚ್ಚಿ, ಒಳಗೊಳಗೇ ‘ಇನ್ನು ಇದು ನನ್ನಿಂದಾಗದು’ ಎಂದುಕೊಳ್ಳುತ್ತೀರಲ್ಲ, ನಿಮಗಾಗಿ ಇದನ್ನು ಬರೆಯುತ್ತಿದ್ದೇನೆ. ಸತ್ಯವೇದದ ಒಂದಕ್ಷರವೂ ತಪ್ಪಲ್ಲ, ಲೋಕ ಆರೇ ದಿನದಲ್ಲಿ ಉಂಟಾಯಿತು, ನಮ್ಮ ಸಭೆಯ ಹೊರಗಿನವರೆಲ್ಲ ನರಕಕ್ಕೆ ಎಂದು ನಂಬಿದ ಮನೆಯಲ್ಲೇ ನಾನೂ ಬೆಳೆದೆ. ಅಲ್ಲಿಂದ ಹೊರಬಂದು, ವಿಜ್ಞಾನದ ಮೇಷ್ಟ್ರಾಗಿ ದುಡಿದು, ಈಗ ನಿವೃತ್ತನಾಗಿದ್ದೇನೆ. ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ: ಹೊರಬರುವಾಗ ಅವಸರ ಬೇಡ, ಬಂದ ಮೇಲೆ ಹಗೆ ಬೇಡ. ನಿಮಗೆ ಸಂಶಯ ಹುಟ್ಟಿದ್ದಕ್ಕೆ ಪಾಪವೂ ಕಾರಣವಲ್ಲ, ಸೈತಾನನೂ ಕಾರಣನಲ್ಲ. ಸುಳ್ಳಾಡಬಾರದೆಂದು ಸಂಡೇ ಸ್ಕೂಲಿನಲ್ಲಿ ಕಲಿಸಿದ್ದನ್ನು ನೀವು ಮನಸಾರೆ ಕಲಿತಿರಿ.

ಮೊದಲು ಭಯದ ಮಾತು. ನಂಬಿಕೆ ಹೋದ ಎಷ್ಟೋ ದಿನಗಳ ಮೇಲೂ ಅದು ಉಳಿದಿರುತ್ತದೆ. ಕಾಲೇಜು ಮುಗಿಸಿ ಮನೆಗೆ ಬರುತ್ತೀರಿ. ಬಾಗಿಲು ತೆರೆದಿದೆ, ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಅಮ್ಮನೂ ಇಲ್ಲ, ತಂಗಿಯೂ ಇಲ್ಲ. ಎದೆ ಧಸಕ್ಕೆನ್ನುತ್ತದೆ. ಕರ್ತನ ಬರೋಣ ಆಗಿಯೇ ಹೋಯಿತೆ? ಅವರೆಲ್ಲ ಎತ್ತಲ್ಪಟ್ಟು ನಾನೊಬ್ಬನೇ ಉಳಿದೆನೆ? ಅಷ್ಟರಲ್ಲಿ ಹಿತ್ತಿಲಿನಿಂದ ಅಮ್ಮನ ದನಿ ಕೇಳುತ್ತದೆ. ಬಟ್ಟೆ ತೆಗೆಯಲು ಹೋಗಿದ್ದರು. ದೇವರಿಲ್ಲವೆಂದು ಗಂಟೆಗಟ್ಟಲೆ ವಾದಿಸಬಲ್ಲವರಿಗೂ ಹೀಗಾಗುವುದನ್ನು ಬಲ್ಲೆ. ಇದಕ್ಕೆ ನಾಚಿಕೊಳ್ಳಬೇಡಿ. ಭಯ ಉಳಿದಿದೆ ಎಂದಾಕ್ಷಣ ಬೋಧನೆ ನಿಜವಾಗಿಬಿಡುವುದಿಲ್ಲ. ಐದು ವರ್ಷದ ಮಗುವಿನ ಮನಸ್ಸನ್ನು ಅದು ಹೊಕ್ಕದ್ದು ವಾದದ ದಾರಿಯಲ್ಲಲ್ಲ, ಹೊರಡುವುದಕ್ಕೂ ವಾದವೊಂದೇ ಸಾಲದು, ಕಾಲ ಬೇಕು. ನಿದ್ದೆ ಕೆಡುವಷ್ಟು ಕಾಡಿದರೆ ಮನೋವೈದ್ಯರ ಬಳಿ ಹೋಗಿ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಜೊತೆಗೆ ಆ ಭಯದ ಚರಿತ್ರೆಯನ್ನೂ ಓದಿಕೊಳ್ಳಿ. ವಿಶ್ವಾಸಿಗಳು ಇದ್ದಕ್ಕಿದ್ದಂತೆ ಮೇಲಕ್ಕೆತ್ತಲ್ಪಡುತ್ತಾರೆ, ಉಳಿದವರು ಮಹಾ ಸಂಕಟಕ್ಕೆ ಸಿಕ್ಕುತ್ತಾರೆ ಎಂಬ ಬೋಧನೆಯನ್ನು ಇವತ್ತು ನಾವು ಕೇಳುವ ರೂಪದಲ್ಲಿ ಹರಡಿದವರು ಬೋಧಕ ಜಾನ್ ನೆಲ್ಸನ್ ಡಾರ್ಬಿ, 1830ರ ದಶಕದಿಂದೀಚೆಗೆ. ಅಮೆರಿಕದ ಮನೆಮನೆಗೂ ಅದನ್ನು ಮುಟ್ಟಿಸಿದ್ದು 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಬೈಬಲ್‌ನ ಅಡಿಟಿಪ್ಪಣಿಗಳು. ಕೇರಳದ ಸಿರಿಯನ್ ಕ್ರೈಸ್ತರು ಅದಕ್ಕೂ ಮೊದಲು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಈ ಭಯದ ಸುಳಿವಿಲ್ಲದೆಯೇ ಕ್ರಿಸ್ತನನ್ನು ನಂಬಿ ಬಾಳಿದ್ದರು. ಬರೋಣದ ದಿನವನ್ನು ಗೊತ್ತುಮಾಡಿದವರೂ ಇದ್ದಾರೆ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕುಳಿತರು. ಕ್ಯಾಲಿಫೋರ್ನಿಯಾದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ಅವರ ಮಾತು ನಂಬಿ, ಜೀವಮಾನವಿಡೀ ಕೂಡಿಟ್ಟ ಹಣವನ್ನು ಆ ದಿನದ ಜಾಹೀರಾತಿಗೆ ಸುರಿದವರಿದ್ದರು. ಮಾರನೆಯ ದಿನ ಎಂದಿನಂತೆ ಬೆಳಗಾಯಿತು. ಆಮೇಲೆ ಅದೇ ವರ್ಷದ ಅಕ್ಟೋಬರ್ 21 ಎಂದರು, ಅದೂ ಕಳೆಯಿತು. ಮರುವರ್ಷ ತಾವು ತಪ್ಪಿದ್ದಾಗಿ ಕ್ಯಾಂಪಿಂಗ್ ಅವರೇ ಒಪ್ಪಿಕೊಂಡರು. ನಿಮ್ಮ ಎದೆಯಲ್ಲಿ ಕೂತಿರುವ ಭಯಕ್ಕೂ ಇಂಥದೇ ಒಂದು ವಂಶಾವಳಿ ಇದೆ ಎಂದು ತಿಳಿದಾಗ ಅದರ ಬಿಗಿ ಸ್ವಲ್ಪ ಸಡಿಲಾಗುತ್ತದೆ.

ಆರು ದಿನಗಳ ಸೃಷ್ಟಿಯ ಕತೆಯೂ ಹೀಗೆಯೇ. ‘ದಿ ಫಂಡಮೆಂಟಲ್ಸ್’ ಎಂಬ ಪ್ರಬಂಧಮಾಲೆ ಅಮೆರಿಕದಲ್ಲಿ 1910ರಿಂದ 1915ರವರೆಗೆ ತೈಲೋದ್ಯಮಿಯೊಬ್ಬರ ಹಣದಿಂದ 12 ಸಂಪುಟಗಳಲ್ಲಿ ಹೊರಬಂತು. ಮೂಲಭೂತವಾದಕ್ಕೆ ಆ ಹೆಸರು ಬಂದದ್ದರ ಹಿಂದೆ ಇರುವುದು ಅದೇ. ಅದರಲ್ಲಿ ಬರೆದ ಜೇಮ್ಸ್ ಓರ್ ಅವರಂಥ ಪಂಡಿತರಿಗೆ ಭೂಮಿಯ ವಯಸ್ಸು ಕೋಟ್ಯಂತರ ವರ್ಷ ಎನ್ನುವುದು ತಕರಾರಿನ ವಿಷಯವೇ ಆಗಿರಲಿಲ್ಲ. ಭೂಮಿಗೆ ಕೆಲವೇ ಸಾವಿರ ವರ್ಷ, ಬಂಡೆಯ ಪದರಗಳೆಲ್ಲ ನೋಹನ ಜಲಪ್ರಳಯದವು ಎಂಬ ವಾದ ಇಷ್ಟು ವ್ಯಾಪಕವಾಗಿ ಹರಡಿದ್ದು 1961ರಲ್ಲಿ ವಿಟ್‌ಕಂಬ್ ಮತ್ತು ಮಾರಿಸ್ ಅವರ ಪುಸ್ತಕ ಬಂದ ಮೇಲೆ. ನಿಮ್ಮ ಪಾಸ್ಟರು ಆದಿಸಭೆಯ ನಂಬಿಕೆ ಎಂದು ಸಾರುವುದರಲ್ಲಿ ಎಷ್ಟೋ ಭಾಗ ಇವತ್ತಿನ ರೂಪಕ್ಕೆ ಬಂದದ್ದು ತೀರ ಈಚೆಗೆ.

ಬೆಂಗಳೂರಿನಲ್ಲಿದ್ದರೆ ಒಂದು ಬೆಳಿಗ್ಗೆ ಲಾಲ್‌ಬಾಗ್‌ಗೆ ಹೋಗಿ. ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯ ಮೇಲೆ ಕೂತು, ಬಗ್ಗಿ ನೋಡಿ. ಬೂದು ಕಲ್ಲಿನಲ್ಲಿ ಬಿಳಿ, ಕಪ್ಪು ಪಟ್ಟೆಗಳು ಬಳುಕಿಕೊಂಡು ಹೋಗಿವೆ. ಭೂಮಿಯ ಆಳದಲ್ಲಿ ಕಾವಿಗೆ ಮೆತ್ತಗಾಗಿ, ಒತ್ತಡಕ್ಕೆ ಮಡಿಚಿಕೊಂಡ ಗುರುತು ಅದು. ಆ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಲೋಕ ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು 1650ರಲ್ಲಿ ಲೆಕ್ಕ ಹಾಕಿದ ಆರ್ಚ್‌ಬಿಷಪ್ ಅಶರ್ ಪ್ರಾಮಾಣಿಕ ವಿದ್ವಾಂಸರು, ತಮ್ಮ ಕೈಗೆ ಸಿಕ್ಕಿದ ಗ್ರಂಥಗಳನ್ನೆಲ್ಲ ಜಾಲಾಡಿದವರು. ಅವರಿಗೆ ಈ ಕಲ್ಲನ್ನು ಓದುವ ವಿದ್ಯೆ ದಕ್ಕಿರಲಿಲ್ಲ. ನಮಗೆ ದಕ್ಕಿದೆ. ಯುರೇನಿಯಂ ಎಷ್ಟು ಕಾಲದಲ್ಲಿ ಸೀಸವಾಗುತ್ತದೆ ಎಂಬುದನ್ನು ಪಾಸ್ಟರ ಮಾತಿನ ಮೇಲೂ ನಂಬಬೇಡಿ, ನನ್ನ ಮಾತಿನ ಮೇಲೂ ನಂಬಬೇಡಿ. ಪುಸ್ತಕ ತಂದು ಕೂತು ಕಲಿಯಿರಿ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಬಾಯಿಮಾತನ್ನು ಒಪ್ಪಿಕೊಳ್ಳುವುದಾದರೆ ಮನೆ ಬದಲಾಯಿಸಿದಂತಾಯಿತೇ ಹೊರತು ನೀವು ಬದಲಾಗಲಿಲ್ಲ.

ಅವಸರ ಬೇಡ ಎಂದೆ. ಬೈಬಲ್ ವಿದ್ವಾಂಸ ಬಾರ್ಟ್ ಅರ್ಮನ್ ಶಿಕಾಗೋದ ಮೂಡಿ ಬೈಬಲ್ ಇನ್‌ಸ್ಟಿಟ್ಯೂಟಿನಲ್ಲಿ ಓದಿದವರು. ಸತ್ಯವೇದದಲ್ಲಿ ಒಂದು ತಪ್ಪೂ ಇಲ್ಲವೆಂದು ನಂಬಿದ್ದವರು. ದಾವೀದನು ನೈವೇದ್ಯದ ರೊಟ್ಟಿ ತಿಂದಾಗ ಮಹಾಯಾಜಕನಾಗಿದ್ದವನು ಎಬ್ಯಾತಾರನೆಂದು ಮಾರ್ಕನ ಸುವಾರ್ತೆಯಲ್ಲಿದೆ. ಸಮುವೇಲನ ಮೊದಲ ಪುಸ್ತಕ ನೋಡಿದರೆ ಅಲ್ಲಿರುವುದು ಅಹೀಮೆಲೆಕ. ಪ್ರಿನ್ಸ್‌ಟನ್‌ನಲ್ಲಿ ಅರ್ಮನ್ ಇದಕ್ಕೆ ಉದ್ದದ ಸಮಾಧಾನ ಬರೆದು ಒಪ್ಪಿಸಿದರು. ಬಹುಶಃ ಮಾರ್ಕನೇ ತಪ್ಪಿರಬೇಕು ಎಂದು ಪ್ರಾಧ್ಯಾಪಕರು ಒಂದೇ ಸಾಲಿನಲ್ಲಿ ಬರೆದುಕೊಟ್ಟರು. ಅಲ್ಲಿಗೆ ಅಕ್ಷರದ ಮೇಲಿನ ಹಠ ಸಡಿಲಿತು, ಆದರೆ ಅವರು ನಂಬಿಕೆಯನ್ನು ಬಿಡಲಿಲ್ಲ. ಬಿಟ್ಟದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ, ಲೋಕದಲ್ಲಿ ಇಷ್ಟು ನೋವು ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಗದೆ. ಯೋಬನ ಪುಸ್ತಕವೂ ಕೇಳುವ ಪ್ರಶ್ನೆಯೇ ಅದು. ನೀವೂ ಒಂದೊಂದೇ ಪ್ರಶ್ನೆಯನ್ನು ಪೂರ್ತಿ ಕೇಳಿಕೊಳ್ಳಿ. ಸಿಟ್ಟಿನಲ್ಲಿ ಒಂದೇ ರಾತ್ರಿಗೆ ನಾಸ್ತಿಕರಾದ ಕೆಲವರು ಮೊದಲ ಕಾಯಿಲೆಗೇ ಹೆದರಿ ಉಪವಾಸ ಪ್ರಾರ್ಥನೆಗೆ ಮರಳಿದ್ದನ್ನು ಕಂಡಿದ್ದೇನೆ.

ಮನೆಯವರ ವಿಷಯ. ನಿಮ್ಮ ಅಜ್ಜಿ ಸಭೆಗೆ ಸೇರಿದ್ದು ಆದಿಕಾಂಡದ ಲೆಕ್ಕಾಚಾರ ಒಪ್ಪಿ ಅಂದುಕೊಂಡಿರಾ? ಊರಿನ ಜಗಲಿಯ ಮೇಲೆ ಕೂರಗೊಡದಿದ್ದ ಕಾಲದಲ್ಲಿ ಅಲ್ಲಿ ಎಲ್ಲರಿಗೂ ಒಂದೇ ಚಾಪೆ ಹಾಸಿದರು. ಅವರಿಗೆ ಓದು ಕಲಿಸಿದರು. ಜ್ವರ ಬಂದು ಮಲಗಿದಾಗ ಯಾರೋ ಗಂಜಿ ತಂದು ಕುಡಿಸಿದರು. ಅಂಥವರ ಮುಂದೆ ಮತ್ತಾಯ, ಲೂಕರ ವಂಶಾವಳಿಗಳನ್ನಿಟ್ಟು ಯೋಸೇಫನ ತಂದೆ ಯಾರು ಹೇಳಿ ಎಂದು ಪೀಡಿಸುವುದು ಜಾಣತನವಲ್ಲ. ಕೇಳಿದರೆ ನಿಜ ಹೇಳಿ, ಕೇಳದಿದ್ದರೆ ಸುಮ್ಮನಿರಿ. ಬಿಲಿ ಗ್ರಹಾಂ ಅವರ ಜೊತೆ ಸುವಾರ್ತೆ ಸಾರುತ್ತ ಸಾವಿರಾರು ಜನರನ್ನು ಸೇರಿಸುತ್ತಿದ್ದ ಚಾರ್ಲ್ಸ್ ಟೆಂಪಲ್‌ಟನ್ 1957ರಲ್ಲಿ ಸೇವೆ ಬಿಟ್ಟರು. ಮುಂದೆ 1996ರಲ್ಲಿ ತಮ್ಮ ಅವಿಶ್ವಾಸದ ಕಾರಣಗಳನ್ನೆಲ್ಲ ಪುಸ್ತಕವಾಗಿ ಬರೆದರು. ಇಬ್ಬರೂ ತಮ್ಮ ತಮ್ಮ ನಿಲುವನ್ನು ಒಂದಿಷ್ಟೂ ಬಿಟ್ಟುಕೊಡಲಿಲ್ಲ, ಒಬ್ಬರ ಮೇಲೊಬ್ಬರಿಗಿದ್ದ ಪ್ರೀತಿಯನ್ನೂ ಬಿಡಲಿಲ್ಲ.

ಇನ್ನೊಂದು ಮಾತನ್ನು ನಮ್ಮ ನಾಡಿನ ಮಕ್ಕಳಿಗೆ ಒತ್ತಿ ಹೇಳಬೇಕು. ಅಮೆರಿಕದಲ್ಲಿ ಸಭೆಯನ್ನು ಟೀಕಿಸುವವರು ಬಹುಸಂಖ್ಯಾತರನ್ನು ಟೀಕಿಸುತ್ತಾರೆ. ಇಲ್ಲಿ ಹಾಗಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲೂ ಸುತ್ತಮುತ್ತಲೂ ಚರ್ಚುಗಳು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದದ್ದು ನೆನಪಿರಲಿ. ನಿಮ್ಮ ಕತೆಯನ್ನು ಮೈಕು ಕೊಟ್ಟು ಹೇಳಿಸಲು ಕೆಲವರು ಮುಂದೆ ಬರುತ್ತಾರೆ, ಬೆನ್ನು ತಟ್ಟುತ್ತಾರೆ. ತಮ್ಮ ದೇವರ ಬಗ್ಗೆಯೂ ಅದೇ ಪ್ರಶ್ನೆ ಕೇಳಲು ಬಿಡುತ್ತಾರೆಯೇ ಎಂದು ಮೊದಲು ನೋಡಿಕೊಳ್ಳಿ. ಬಿಡದಿದ್ದರೆ ಆ ವೇದಿಕೆ ಹತ್ತಬೇಡಿ. ನಿಮ್ಮ ನೋವು ನಿಮ್ಮ ಅಮ್ಮನ ಪ್ರಾರ್ಥನಾ ಮಂದಿರದ ಮೇಲೆ ಬೀಳುವ ಕಲ್ಲಾಗಬಾರದು. ನೀವು ನಂಬದ ಪ್ರಾರ್ಥನೆಯನ್ನು ಅವರು ನಿರ್ಭಯವಾಗಿ ಮಾಡುವಂತಿರಬೇಕು. ಸಂವಿಧಾನದ 25ನೇ ವಿಧಿ ಕೊಟ್ಟಿರುವ ಆತ್ಮಸಾಕ್ಷಿಯ ಸ್ವಾತಂತ್ರ್ಯ ನಿಮಗೆಷ್ಟೋ ಅವರಿಗೂ ಅಷ್ಟೇ.

ಸಭೆ ನಿಮಗೆ ಹಾಡು ಕೊಟ್ಟಿತ್ತು, ಭಾನುವಾರಕ್ಕೊಂದು ಗುಂಪು ಕೊಟ್ಟಿತ್ತು, ಆಸ್ಪತ್ರೆಗೆ ಹಣ್ಣು ಹಿಡಿದು ಬರುವವರನ್ನು ಕೊಟ್ಟಿತ್ತು. ಬಿಟ್ಟ ಮೇಲೆ ಇವನ್ನೆಲ್ಲ ನೀವೇ ಕಟ್ಟಿಕೊಳ್ಳಬೇಕು. ರಕ್ತದಾನದ ಗುಂಪೋ, ಓದುಗರ ಬಳಗವೋ, ಹಳ್ಳಿ ಶಾಲೆಯಲ್ಲಿ ಪಾಠವೋ, ವಾರಕ್ಕೊಮ್ಮೆ ಜನರ ಮುಖ ನೋಡುವ ಕೆಲಸವೊಂದಿರಲಿ. ಓದಿನ ಖರ್ಚು ಮನೆಯಿಂದಲೇ ಬರುತ್ತಿದ್ದರೆ, ಮನೆಯಿಂದ ಹೊರಹಾಕುವ ಭಯವಿದ್ದರೆ, ನಿಮ್ಮ ಕಾಲ ಮೇಲೆ ನಿಲ್ಲುವವರೆಗೆ ಬಾಯಿಬಿಡಬೇಡಿ. ಆ ಮೌನವನ್ನು ಯಾರೂ ಹೇಡಿತನ ಎನ್ನಲಾರರು. ಆದರೆ ಮದುವೆಯ ವಿಷಯದಲ್ಲಿ ಮುಚ್ಚುಮರೆ ಕೂಡದು. ‘ವಿಶ್ವಾಸಿ ಹುಡುಗ’ ಎಂದೇ ನಿಮ್ಮನ್ನು ಒಪ್ಪಿ ಬರುವ ಹುಡುಗಿಗೆ, ‘ವಿಶ್ವಾಸಿ ಹುಡುಗಿ’ ಎಂದೇ ನೋಡಲು ಬರುವ ಹುಡುಗನಿಗೆ, ನಿಮಗೆ ನಂಬಿಕೆ ಇಲ್ಲವೆಂದು ನಿಶ್ಚಿತಾರ್ಥಕ್ಕೆ ಮೊದಲೇ ತಿಳಿಸಿ. ನಿಮ್ಮವರೇ ಆಗಿ ಒಬ್ಬರು ಸಿಕ್ಕಿದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ: 30 ದಿನ ಮೊದಲು ನೋಟಿಸು, ಮೂವರು ಸಾಕ್ಷಿಗಳು. ಯಾವ ಧರ್ಮದ ವಿಧಿಯೂ ಬೇಕಿಲ್ಲ. ಅಪ್ಪ ಅಮ್ಮನನ್ನು ತಪ್ಪದೆ ಕರೆಯಿರಿ, ಬರುತ್ತಾರೋ ಇಲ್ಲವೋ ಎಂದು ನೀವೇ ಮೊದಲೇ ತೀರ್ಮಾನಿಸಿಬಿಡಬೇಡಿ.