ಸಡಿಲಿದ ತಿರುಪು

2015ನೆಯ ಇಸವಿಯ ಮಾರ್ಚ್ 5ರಂದು ಅಮೆರಿಕದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಎರಡು ಆಸನಗಳ ಪುಟ್ಟ ವಿಮಾನವೊಂದು ಮೇಲೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವೈಮಾನಿಕರ ತರಬೇತಿಗೆಂದು ನಿರ್ಮಿತವಾದ ‘ರಯಾನ್’ ವಿಮಾನವದು. ನಡೆಸುತ್ತಿದ್ದವರು ಪ್ರಸಿದ್ಧ ಚಲಚ್ಚಿತ್ರ ನಟ ಹ್ಯಾರಿಸನ್ ಫೋರ್ಡ್. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ಎಂಜಿನ್ನಿನ ಶಕ್ತಿ ಕುಂದಿತು. ಫೋರ್ಡರು ನಿಲ್ದಾಣದತ್ತ ತಿರುಗಿದರು. ಆದರೆ ಓಡುದಾರಿಯನ್ನು ತಲಪುವಷ್ಟು ಎತ್ತರ ಉಳಿದಿರಲಿಲ್ಲ. ಎಂಜಿನ್ ಸೋತ ವಿಮಾನ ಜಾರುತ್ತ ಇಳಿಯಬಲ್ಲುದೇ ಹೊರತು ಏರಲಾರದು. ಇನ್ನಷ್ಟು ದೂರ ಸಾಗುವ ಆಸೆಯಿಂದ ಅದರ ಮೂತಿಯನ್ನು ಮೇಲೆತ್ತಿದರೆ ವೇಗ ತಗ್ಗಿ, ರೆಕ್ಕೆಗಳು ಭಾರವನ್ನು ಹೊರಲಾರದೆ ವಿಮಾನ ಕುಸಿಯುತ್ತದೆ. ಈ ಆಸೆಗೆ ಪ್ರಾಣ ತೆತ್ತ ವೈಮಾನಿಕರು ಅನೇಕರು. ಫೋರ್ಡರು ಸಮೀಪದ ಗಾಲ್ಫ್ ಮೈದಾನದಲ್ಲಿ ಇಳಿಯಲು ನಿಶ್ಚಯಿಸಿದರು. ವಿಮಾನ ಮರವೊಂದರ ತುದಿಗೆ ತಗುಲಿ ನೆಲಕ್ಕಪ್ಪಳಿಸಿತು. ಅವರಿಗೆ ತೀವ್ರವಾದ ಗಾಯಗಳಾದುವು, ಪ್ರಾಣ ಉಳಿಯಿತು.

ತನಿಖೆಯಲ್ಲಿ ಕಾರಣ ಹೊರಬಿದ್ದಿತು. ಕಾರ್ಬ್ಯುರೇಟರಿನಲ್ಲಿ ಇಂಧನವನ್ನು ಅಳತೆಯರಿತು ಬಿಡುವ ‘ಜೆಟ್’ ಎಂಬ ಚಿಕ್ಕ ಭಾಗ ತಿರುಪು ಸಡಿಲಿ ತನ್ನ ಸ್ಥಾನದಿಂದ ಕಳಚಿಕೊಂಡಿತ್ತು. ಎಂಜಿನ್ನಿಗೆ ಇಂಧನದ ಕೊರತೆಯಾಗಿರಲಿಲ್ಲ. ಅದು ಮಿತಿಮೀರಿ ಹರಿದಿತ್ತು! ಅಷ್ಟು ಇಂಧನ ಉರಿಯಲು ಬೇಕಾದ ಗಾಳಿ ಸಾಲದೆ ಎಂಜಿನ್ ಸೊರಗಿತು. ಈ ಭಾಗವನ್ನು ಆಗಾಗ ಪರೀಕ್ಷಿಸಬೇಕೆಂಬ ಸೂಚನೆ ನಿರ್ವಹಣೆಯ ಕೈಪಿಡಿಯಲ್ಲಿ ಇರಲಿಲ್ಲ. ಭುಜದ ಪಟ್ಟಿಯನ್ನು ಸರಿಯಾಗಿ ಜೋಡಿಸಿರಲಿಲ್ಲವಾದ ಕಾರಣ ಗಾಯಗಳೂ ಹೆಚ್ಚಿದುವು.