ಮೇಘಬೀಜದ ಗುಣ

ಅಕ್ಕಲಕೋಟೆ ತಾಲೂಕಿನ ಕರಜಗಿಯ ಸೀಮೆ ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಮುಂಗಾರಿನ ಮೋಡಗಳು ಇಲ್ಲಿ ಕವಿದರೂ ಹಲವು ಸಲ ಹನಿಯದೆ ಸಾಗುತ್ತವೆ. ಇದರ ಕಾರಣವನ್ನು ತೇವದ ಕೊರತೆಯಲ್ಲಷ್ಟೇ ಅರಸಿದರೆ ಸಾಲದು. ಗಾಳಿಯಲ್ಲಿ ತೇಲುವ ಕಣಗಳ ಗುಣವನ್ನೂ ಅರಿಯಬೇಕು.

ನೀರಾವಿಯು ಹನಿಗಟ್ಟಲು ಆಸರೆ ಬೇಕು. ಧೂಳು ಸೋಸಿದ ಗಾಳಿಯಲ್ಲಿ ಮಂಜು ಮೂಡದೆಂಬುದನ್ನು 1880ರ ಸುಮಾರಿಗೆ ಸ್ಕಾಟ್ಲೆಂಡಿನ ಜಾನ್ ಐಟ್ಕನ್ ತೋರಿಸಿದನು. ಆ ಆಸರೆಯೇ ಮೇಘಬೀಜ. ಆದರೆ ಎಲ್ಲ ಕಣವೂ ಬೀಜವಾಗದು. ಉಪ್ಪು, ಸಲ್ಫೇಟ್ ಕಣಗಳು ನೀರನ್ನು ಬೇಗ ಹೀರುತ್ತವೆ. ಹೊಗೆಯ ಹೊಸ ಮಸಿ ಅಷ್ಟಾಗಿ ಹೀರದು. ಗಾತ್ರವಂತೂ ಇನ್ನೂ ಮುಖ್ಯ: ಕಣ ದೊಡ್ಡದಾದಷ್ಟೂ ಹನಿಗಟ್ಟುವುದು ಸುಲಭ.

ಹಾಗಾದರೆ ಬೀಜ ಹೆಚ್ಚಿದಷ್ಟೂ ಮಳೆ ಹೆಚ್ಚಬೇಕಲ್ಲವೆ? ಇಲ್ಲ. ಜೋಳ ಒತ್ತಾಗಿ ಬೆಳೆದ ಹೊಲದಲ್ಲಿ ತೆನೆ ಬಡವಾಗುವುದನ್ನು ಈ ಸೀಮೆಯ ಒಕ್ಕಲಿಗ ಬಲ್ಲ. ಮೋಡದಲ್ಲೂ ಇದ್ದ ನೀರನ್ನೇ ಅಸಂಖ್ಯ ಸಣ್ಣ ಕಣಗಳು ಹಂಚಿಕೊಂಡರೆ ಹನಿಗಳೆಲ್ಲ ಕಿರಿದಾಗಿ, ಒಂದರೊಡನೊಂದು ಕೂಡದೆ ತೇಲುತ್ತಲೇ ಇರುತ್ತವೆ. ಒಂದು ಮಳೆಹನಿಯಾಗಲು ಸುಮಾರು 10 ಲಕ್ಷ ಮೋಡಹನಿಗಳು ಕೂಡಬೇಕು.

ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯು 2018 ಮತ್ತು 2019ರ ಮುಂಗಾರಿನಲ್ಲಿ ಸೋಲಾಪುರದಲ್ಲಿ ನಡೆಸಿದ ಪ್ರಯೋಗದ ತಿರುಳೂ ಇದೇ. ವಿಮಾನದಿಂದ ಕ್ಯಾಲ್ಸಿಯಂ ಕ್ಲೋರೈಡಿನ ಬತ್ತಿಗಳನ್ನು ಮೋಡದ ಬುಡದಲ್ಲಿ ಉರಿಸಿ, ನೀರು ಹೀರುವ ದೊಡ್ಡ ಕಣಗಳನ್ನು ಸೇರಿಸಲಾಯಿತು. ಆಯ್ದ 276 ಮೋಡಗಳಲ್ಲಿ ಕೆಲವಕ್ಕೆ ಬಿತ್ತಿ, ಉಳಿದವನ್ನು ಹಾಗೆಯೇ ಬಿಟ್ಟು ಹೋಲಿಸಿದರು. ಮಳೆ ಸರಾಸರಿ ಸುಮಾರು ಶೇ. 18ರಷ್ಟು ಹೆಚ್ಚಿತೆಂದು ಸಂಸ್ಥೆ ವರದಿ ಮಾಡಿದೆ.

‘ಮೋಡಬಿತ್ತನೆ’ ಎಂಬ ನಮ್ಮ ಪದವು ಬರಿದಾದ ಬಾನಿಗೆ ಬೀಜ ಚೆಲ್ಲಿದಂತೆ ಕೇಳಿಸುತ್ತದೆ. ಬಿತ್ತುವುದು ಮೊದಲೇ ಬೀಜ ಕಿಕ್ಕಿರಿದ ಮೋಡಕ್ಕೆ. ಮೋಡವೇ ಇಲ್ಲದ ದಿನ ವಿಮಾನ ಏರಿ ಫಲವಿಲ್ಲ.